ಓದುಗರ ಪ್ರಶ್ನೆ, ನಮ್ಮ ಉತ್ತರ: 1946ರ ಮಧ್ಯಂತರ ಸರ್ಕಾರ

ಪ್ರಶ್ನೆ: 1946ರ ಸೆಪ್ಟೆಂಬರ್‌ನಲ್ಲೇ ನೆಹರು ಪ್ರಧಾನಿಯಾದರು ಎಂದು ಕೆಲವು ಕಡೆ ಓದಿದ್ದೇನೆ. ಸರಿಯೇ?

ಉತ್ತರ: ಜನ ಹಾಗೆ ಕರೆದದ್ದುಂಟು, ಕಾನೂನಿನಲ್ಲಿ ಅಂಥ ಹುದ್ದೆಯೇ ಇರಲಿಲ್ಲ. 1946ರ ಸೆಪ್ಟೆಂಬರ್ 2ರಂದು ಅಧಿಕಾರ ವಹಿಸಿಕೊಂಡದ್ದು ವೈಸರಾಯರ ಕಾರ್ಯಕಾರಿ ಮಂಡಳಿ. ಅಧ್ಯಕ್ಷರು ವೈಸರಾಯ್ ವೇವೆಲ್, ಉಪಾಧ್ಯಕ್ಷರು ನೆಹರು. 1935ರ ಕಾಯ್ದೆಯ ಒಕ್ಕೂಟ ಭಾಗ ಜಾರಿಗೇ ಬರದ ಕಾರಣ ಕೇಂದ್ರದ ಆಡಳಿತ 1919ರ ಕಾಯ್ದೆಯ ಚೌಕಟ್ಟಿನಲ್ಲೇ ನಡೆಯುತ್ತಿತ್ತು. ಪ್ರತಿ ಸದಸ್ಯ ವೈಸರಾಯರಿಗೆ ಬೇರೆಬೇರೆಯಾಗಿ ಉತ್ತರಿಸಬೇಕಿತ್ತೇ ಹೊರತು ಶಾಸನಸಭೆಗೆ ಒಟ್ಟಾಗಿ ಅಲ್ಲ. ಸಾಮೂಹಿಕ ಹೊಣೆಗಾರಿಕೆಯಿಲ್ಲದ ಸಮ್ಮಿಶ್ರ ಸರ್ಕಾರ ಅದು. ಮುಂದಿನ ಜಗಳಗಳ ಬೇರು ಇಲ್ಲೇ ಇದೆ.

ಪ್ರಶ್ನೆ: ಸ್ಥಾನಗಳು ಹೇಗೆ ಹಂಚಿಕೆಯಾದವು?

ಉತ್ತರ: ಮುಸ್ಲಿಂ ಲೀಗ್ ಮೊದಲು ಹೊರಗಿತ್ತು, ಅಕ್ಟೋಬರ್ ಕೊನೆಯಲ್ಲಿ ಒಳಬಂತು. ಜಾಗ ಮಾಡಿಕೊಡಲು ಶರತ್‌ಚಂದ್ರ ಬೋಸ್, ಶಫಾತ್ ಅಹಮದ್ ಖಾನ್, ಸೈಯದ್ ಅಲಿ ಜಹೀರ್ ಹೊರಬಂದರು. ಒಟ್ಟು 14 ಮಂದಿ: ಕಾಂಗ್ರೆಸ್ 6, ಲೀಗ್ 5, ಉಳಿದವರು 3 (ಬಲದೇವ್ ಸಿಂಗ್, ಜಾನ್ ಮಥಾಯಿ, ಸಿ. ಎಚ್. ಭಾಭಾ). ಕಾಂಗ್ರೆಸ್ಸಿನ ಆರರಲ್ಲಿ ಆಸಫ್ ಅಲಿ ಇದ್ದರು. ಮುಸ್ಲಿಮರನ್ನು ಹೆಸರಿಸುವ ಹಕ್ಕು ತನಗೆ ಮಾತ್ರ ಎನ್ನುತ್ತಿದ್ದ ಲೀಗ್, ತನ್ನ ಐದರಲ್ಲಿ ಒಂದನ್ನು ದಲಿತ ನಾಯಕ ಜೋಗೇಂದ್ರನಾಥ್ ಮಂಡಲ್ ಅವರಿಗೆ ಕೊಟ್ಟಿತು.

ಪ್ರಶ್ನೆ: ಹಣಕಾಸು ಖಾತೆಯನ್ನು ಲೀಗ್‌ಗೆ ಬಿಟ್ಟದ್ದೇ ತಪ್ಪು ಎನ್ನುತ್ತಾರಲ್ಲ?

ಉತ್ತರ: ಲೆಕ್ಕ ತಪ್ಪಿದ್ದು ನಿಜ. ಲೀಗ್ ಕೇಳಿದ್ದು ಗೃಹ ಖಾತೆ, ಪಟೇಲರು ಬಿಡಲೊಪ್ಪಲಿಲ್ಲ. ಬದಲಿಗೆ ಮಥಾಯಿ ಅವರ ಕೈಯಲ್ಲಿದ್ದ ಹಣಕಾಸು ಲಿಯಾಕತ್ ಅಲಿ ಖಾನ್ ಅವರಿಗೆ ಹೋಯಿತು. ಪೊಲೀಸ್ ವ್ಯವಸ್ಥೆ ಇದ್ದದ್ದು ಪ್ರಾಂತ್ಯಗಳ ಕೈಯಲ್ಲಿ; ಹಾಗಾಗಿ ಕೇಂದ್ರದ ಗೃಹ ಖಾತೆಯ ಹಿಡಿತ ಸೀಮಿತ. ಆದರೆ ಯಾವ ಇಲಾಖೆ ಹೊಸ ಹುದ್ದೆ ಸೃಷ್ಟಿಸಲಿ, ಹೊಸ ಯೋಜನೆ ಹಾಕಲಿ, ಕಡತ ಹಣಕಾಸಿನ ಮೇಜು ದಾಟಲೇಬೇಕು. ಅಲ್ಲಿ ಆಕ್ಷೇಪ ಬಿದ್ದರೆ ಕೆಲಸ ನಿಂತಿತು. ಸಾಮಾನ್ಯ ಸಂಪುಟದಲ್ಲಿ ಇಂಥ ತಕರಾರನ್ನು ಪ್ರಧಾನಿ ಬಗೆಹರಿಸುತ್ತಾರೆ. ಇಲ್ಲಿ ಬಹುಮತವನ್ನೂ ಬದಿಗೊತ್ತುವ ಅಧಿಕಾರವಿದ್ದದ್ದು ವೈಸರಾಯರಿಗೆ. ಸಭೆಗೆ ಮುನ್ನ ಸದಸ್ಯರನ್ನು ತಮ್ಮ ಕೋಣೆಗೆ ಕರೆದು ಒಮ್ಮತ ಮಾಡಿಕೊಳ್ಳುವ ಪದ್ಧತಿಯನ್ನು ನೆಹರು ಇಟ್ಟುಕೊಂಡಿದ್ದರು. ಅದಕ್ಕೆ ಹೋದರೆ ಅವರ ನಾಯಕತ್ವ ಒಪ್ಪಿದಂತಾಗುತ್ತದೆಂದು ಲೀಗ್ ಸದಸ್ಯರು ದೂರ ಉಳಿದರು.

1947ರ ಫೆಬ್ರವರಿ 28ರಂದು ಲಿಯಾಕತ್ ಮಂಡಿಸಿದ ಬಜೆಟ್ ಬಿರುಕನ್ನು ಬೀದಿಗೆ ತಂದಿತು. ಉಪ್ಪಿನ ತೆರಿಗೆ ರದ್ದು. ವ್ಯಾಪಾರದ ಲಾಭ 1 ಲಕ್ಷ ರೂಪಾಯಿ ಮೀರಿದರೆ ಹೆಚ್ಚಿನ ಭಾಗಕ್ಕೆ ಶೇ. 25 ವಿಶೇಷ ತೆರಿಗೆ. ಬಂಡವಾಳ ಲಾಭಕ್ಕೂ ತೆರಿಗೆ. ತೆರಿಗೆಗಳ್ಳರ ತನಿಖೆಗೆ ಆಯೋಗ. ಕಾಂಗ್ರೆಸ್ ತಾನೇ ಸಾರುತ್ತಿದ್ದ ಸಮಾನತೆಯ ಮಾತಿಗೆ ಇದು ಹತ್ತಿರವೇ ಇತ್ತು. ಆದರೆ ಕಾಂಗ್ರೆಸ್ಸಿಗೆ ಬೆಂಬಲವಾಗಿದ್ದ ಉದ್ಯಮಿಗಳಿಗೆ ಪೆಟ್ಟು ಬಿದ್ದದ್ದರಿಂದ, ಇದರ ಹಿಂದೆ ಬೇರೆ ಉದ್ದೇಶವಿದೆ ಎಂಬ ಅನುಮಾನ ಹುಟ್ಟಿತು. ಕೊನೆಗೆ ದರ ಶೇ. 16⅔ಕ್ಕೆ ಇಳಿಯಿತು. ತೆರಿಗೆ ಸರಿಯೋ ತಪ್ಪೋ ಎಂಬ ಚರ್ಚೆಗಿಂತ ಹೆಚ್ಚಾಗಿ ಅದನ್ನು ತಂದವರು ಯಾರೆಂಬ ಪ್ರಶ್ನೆಯೇ ಮೇಲಾದದ್ದು ನನ್ನ ಮಟ್ಟಿಗೆ ಈ ಪ್ರಸಂಗದ ದೊಡ್ಡ ನಷ್ಟ.

ಪ್ರಶ್ನೆ: ಲೀಗ್ ಸಂವಿಧಾನ ಸಭೆಗೆ ಬರದೆ ಸರ್ಕಾರದಲ್ಲಿ ಉಳಿದದ್ದು ಹೇಗೆ?

ಉತ್ತರ: ಎರಡಕ್ಕೂ ಕಾನೂನಿನ ನಂಟು ಇರಲಿಲ್ಲ. ಡಿಸೆಂಬರ್ 9ರಂದು ಸಭೆ ಸೇರಿದಾಗ ಲೀಗ್ ಬಹಿಷ್ಕರಿಸಿತು. ಅವರ ಸದಸ್ಯರನ್ನು ಸರ್ಕಾರದಿಂದ ಬಿಡಿಸಿ ಎಂದು ಕಾಂಗ್ರೆಸ್ ಫೆಬ್ರವರಿಯಲ್ಲಿ ಪಟ್ಟು ಹಿಡಿಯಿತು. ಅಷ್ಟರಲ್ಲಿ, ಫೆಬ್ರವರಿ 20ಕ್ಕೆ, 1948ರ ಜೂನ್ ಒಳಗೆ ಭಾರತದಿಂದ ಹೊರಡುತ್ತೇವೆಂದು ಬ್ರಿಟನ್ ಪ್ರಧಾನಿ ಅಟ್ಲಿ ಘೋಷಿಸಿದರು. ವಾದದ ದಿಕ್ಕೇ ಬದಲಾಯಿತು.

ಪ್ರಶ್ನೆ: ಸರ್ಕಾರ ಮುಗಿದದ್ದು ಯಾವಾಗ?

ಉತ್ತರ: ಜೂನ್ 3ರ ವಿಭಜನಾ ಯೋಜನೆಯ ಬಳಿಕ ಹೆಸರಿಗಷ್ಟೇ ಉಳಿಯಿತು. ಜುಲೈನಲ್ಲಿ ಭಾರತ, ಪಾಕಿಸ್ತಾನಗಳಿಗೆಂದು ಎರಡು ಗುಂಪಾಯಿತು. ಅಚ್ಚರಿಯೆಂದರೆ, ಒಟ್ಟಾಗಿ ಆಳಲಾಗದವರು ಆಸ್ತಿ ಹಂಚಿಕೆಯ ಬಹುಪಾಲನ್ನು ಒಟ್ಟಾಗಿ ಕೂತೇ ಮುಗಿಸಿದರು. ವಿಭಜನಾ ಮಂಡಳಿಯಲ್ಲಿ ಪಟೇಲ್, ರಾಜೇಂದ್ರ ಪ್ರಸಾದ್, ಜಿನ್ನಾ, ಲಿಯಾಕತ್ ಇದ್ದರು; ಕೆಳಗೆ ದುಡಿದವರು ಎಚ್. ಎಂ. ಪಟೇಲ್ ಮತ್ತು ಚೌಧರಿ ಮುಹಮ್ಮದ್ ಅಲಿ ಎಂಬ ಇಬ್ಬರು ಅಧಿಕಾರಿಗಳು. ಆಗಸ್ಟ್‌ನಲ್ಲಿ ಲಿಯಾಕತ್ ಪಾಕಿಸ್ತಾನದ ಪ್ರಧಾನಿಯಾದರು, ಮಂಡಲ್ ಅಲ್ಲಿನ ಕಾನೂನು ಸಚಿವರಾದರು. ದೆಹಲಿಯಲ್ಲಿ ಆ ಖಾತೆ ಅಂಬೇಡ್ಕರ್ ಅವರಿಗೆ ಬಂತು.