ಕಷ್ಟದ ದಿನಗಳಲ್ಲೂ ಹಿಡಿದ ಕೆಲಸ ಬಿಡದೆ ಮುಂದುವರಿಯುವುದು ಹೇಗೆ?

ಹೆಚ್ಚಿನವರು ಸೋಲುವುದು ಒಂದು ದಿನ ಕೆಲಸ ತಪ್ಪಿದ್ದರಿಂದಲ್ಲ, ತಪ್ಪಿದ ಆ ದಿನವನ್ನೇ ದೊಡ್ಡದು ಮಾಡಿಕೊಂಡು, ಎಲ್ಲವೂ ಮುಗಿಯಿತೆಂದು ಕೈಚೆಲ್ಲುವುದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿಯೊಂದು ಮೈಗೂಡಲು 18ರಿಂದ 254 ದಿನಗಳು ಬೇಕಾಗಬಹುದೆಂದು ಅಂದಾಜಾಗಿತ್ತು. ನಡುವೆ ಒಂದು ದಿನ ತಪ್ಪಿದರೂ ರೂಢಿ ಬೆಳೆಯಲು ಹೇಳಿಕೊಳ್ಳುವಂಥ ಅಡ್ಡಿಯಾಗಿರಲಿಲ್ಲ.

ಆದ್ದರಿಂದ ಗುರಿಯನ್ನು ಕೈಬಿಡದೆ ದಿನದ ಪಾಲನ್ನು ಮಾತ್ರ ಕುಗ್ಗಿಸಿಕೊಳ್ಳಿ. ಮನೆಯಲ್ಲಿ ಕಾಯಿಲೆಯವರಿದ್ದು ಎರಡು ಗಂಟೆ ಓದಲಾಗದಿದ್ದರೆ, ಅವರ ಮಂಚದ ಪಕ್ಕದಲ್ಲೇ ಕುಳಿತು ಒಂದು ಪುಟ ಓದಿ, ನಿಲ್ಲಿಸಿದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿಡಿ. ಮರುದಿನ ಎಲ್ಲಿಂದ ಆರಂಭಿಸಬೇಕೆಂದು ಹುಡುಕುವ ಶ್ರಮ ತಪ್ಪುತ್ತದೆ. ದಣಿದ ಮನಸ್ಸಿಗೆ ಅಷ್ಟೂ ದೊಡ್ಡ ಆಸರೆಯೇ. ನಿದ್ದೆಗೆಟ್ಟು ಆ ಕೊರತೆಯನ್ನು ತುಂಬಿಕೊಳ್ಳಲು ಮಾತ್ರ ಹೋಗಬೇಡಿ.