ಟ್ಯಾಂಕ್ ಮಾಡೆಲ್ ಮಾಡಿ ಅಭ್ಯಾಸ ಇದೆ. ಯುದ್ಧಕಾಲದ ರೈಲು ಮಾಡೆಲ್‌ಗಳನ್ನು ಎಲ್ಲಿಂದ ಶುರು ಮಾಡಲಿ?

1/35 ಅಳತೆಯ, ಅಂದರೆ ನಿಜವಾದದ್ದರ ಮೂವತ್ತೈದನೇ ಒಂದು ಪಾಲಿನ ಟ್ಯಾಂಕ್‌ಗಳನ್ನು ಮಾಡಿದ್ದೀರಿ. ಈಗ ಜರ್ಮನಿಯ ಕೆ5 ರೈಲು ಫಿರಂಗಿಯಿಂದಲೇ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು, ಆದರೆ ಅದು ಎರಡನೆಯದೋ ಮೂರನೆಯದೋ ಆಗಲಿ. ಮೊದಲು ಟ್ಯಾಂಕ್ ಸಾಗಿಸುವ ಒಂದು ಚಪ್ಪಟೆ ವ್ಯಾಗನ್ ಮಾಡಿ, ನೀವು ಆಗಲೇ ಮಾಡಿರುವ ಟ್ಯಾಂಕನ್ನು ಅದರ ಮೇಲೆ ಹತ್ತಿಸಿ.

ಹೀಗೆ ಹೇಳಲು ಕಾರಣವಿದೆ. ಟ್ಯಾಂಕ್ ಎಲ್ಲಿ ಬೇಕಾದರೂ ಹೋಗುತ್ತದೆ. ರೈಲು ವಾಹನ ಹಾಗಲ್ಲ. ಅದು ಎಷ್ಟು ಅಗಲ ಇರಬೇಕು, ಎಷ್ಟು ತೂಕ ಹೊರಬಹುದು, ಅದರ ಮೇಲೆ ಎಲ್ಲಿ ಕೊಳೆ ಕೂರುತ್ತದೆ, ಎಲ್ಲವನ್ನೂ ಹಳಿಯೇ ತೀರ್ಮಾನಿಸುತ್ತದೆ. ಇದು ಒಮ್ಮೆ ಮನಸ್ಸಿಗೆ ಬಂದರೆ ಕಿಟ್‌ನ ಒಂದೊಂದು ತುಂಡೂ ಯಾಕೆ ಹಾಗಿದೆ ಅಂತ ತಾನಾಗಿ ಗೊತ್ತಾಗುತ್ತದೆ. ನನಗೆ ಈ ಹವ್ಯಾಸದಲ್ಲಿ ಅತ್ಯಂತ ಇಷ್ಟವಾದ ವಿಷಯ ಇದೇ.

ಜರ್ಮನಿಯ ಟೈಗರ್ ಟ್ಯಾಂಕನ್ನೇ ನೋಡಿ. ಯುದ್ಧಕ್ಕೆ ಹಾಕುವ 725 ಮಿ.ಮೀ. ಚೈನ್ ಪಟ್ಟಿಯಲ್ಲಿ ಅದರ ಅಗಲ ಸುಮಾರು 3.7 ಮೀಟರ್. ಅಷ್ಟು ಅಗಲದ ವಸ್ತು ರೈಲಿನಲ್ಲಿ ಹೋದರೆ ಎದುರು ಹಳಿಯಲ್ಲಿ ಬರುವ ಗಾಡಿಗೆ ತಾಗುತ್ತದೆ. ಅದಕ್ಕೆ ಹೊರಗಿನ ಸಾಲಿನ ಚಕ್ರಗಳನ್ನು ಬಿಚ್ಚಿ, 520 ಮಿ.ಮೀ. ಅಗಲದ ಬೇರೆ ಪಟ್ಟಿ ಹಾಕಿ ಆಮೇಲೆ ವ್ಯಾಗನ್ ಹತ್ತಿಸುತ್ತಿದ್ದರು. ಅಂದರೆ ಅಗಲದ ಪಟ್ಟಿ ಹಾಕಿದ ಟೈಗರನ್ನು ಸುಮ್ನೆ ವ್ಯಾಗನ್ ಮೇಲೆ ಇಟ್ಟರೆ ಸಾಲದು. ಸಾಗಣೆ ಪಟ್ಟಿ ಇರುವ ಕಿಟ್ ಹುಡುಕಿ. ವ್ಯಾಗನ್ ಕೂಡ ಆರು ಆಕ್ಸಲ್‌ನ ಎಸ್‌ಎಸ್‌ವೈಎಂಎಸ್ ಮಾದರಿಯದ್ದೇ ಇರಲಿ, ಅದು 80 ಟನ್ ಹೊರುವಂಥದ್ದು. ಟ್ಯಾಂಕಿನ ಚೈನ್ ಪಟ್ಟಿಯ ಮುಂದೆ ಹಿಂದೆ ಮರದ ಬೆಣೆ ಹೊಡೆಯುವುದನ್ನು ಮರೆಯಬೇಡಿ.

ವ್ಯಾಗನ್ ಕಟ್ಟುವುದು ಸುಲಭ. ಅದರ ಕೆಳಗಿನ ಹಳಿಗೆ ಜಾಸ್ತಿ ಸಮಯ ಕೊಡಿ. ಯುರೋಪಿನ ಸಾಮಾನ್ಯ ಹಳಿಯ ಅಂತರ 1435 ಮಿ.ಮೀ., 1/35ರಲ್ಲಿ ಅದು 41 ಮಿ.ಮೀ. ಆಗುತ್ತದೆ. ಸೋವಿಯತ್ ಹಳಿ 1524 ಮಿ.ಮೀ., ಅಂದರೆ ಮಾಡೆಲ್‌ನಲ್ಲಿ 43.5. ಎರಡೂವರೆ ಮಿ.ಮೀ. ವ್ಯತ್ಯಾಸ ಸಣ್ಣದು ಅನಿಸಬಹುದು. ಆದರೆ ಸೋವಿಯತ್ ಶಸ್ತ್ರಸಜ್ಜಿತ ರೈಲುಗಾಡಿಯನ್ನು ಜರ್ಮನ್ ಅಳತೆಯ ಹಳಿ ಮೇಲೆ ಇಟ್ಟರೆ ಚಕ್ರವೇ ಕೂರುವುದಿಲ್ಲ. 1941ರಲ್ಲಿ ಜರ್ಮನ್ ಸೇನೆಗೂ ಇದೇ ತೊಂದರೆ ಬಂತು. ಸೋವಿಯತ್ ನೆಲದಲ್ಲಿ ಒಂದು ಕಡೆಯ ಹಳಿಯನ್ನು ಒಳಕ್ಕೆ ಸರಿಸಿ ಮತ್ತೆ ಮೊಳೆ ಹೊಡೆದರು. ಹಳಿಯ ಕೆಳಗೆ ಅಡ್ಡಲಾಗಿ ಹಾಸುವ ಸ್ಲೀಪರ್‌ಗಳು ಮರದವಾದ್ದರಿಂದ ಅದು ಸಾಧ್ಯವಾಯಿತು. ನೀವು 1942ರ ಪೂರ್ವ ರಂಗದ ದೃಶ್ಯ ಮಾಡುವುದಾದರೆ ಸ್ಲೀಪರ್ ಮೇಲೆ ಹಳೆಯ ಮೊಳೆಗಳ ತೂತು ತೋರಿಸಿ. ತಿಳಿದವರು ನೋಡಿದ ಕೂಡಲೇ ಗುರುತಿಸುತ್ತಾರೆ.

ಮೊದಲ ಮಹಾಯುದ್ಧದ ಕಂದಕಗಳ ಹಿಂದೆ ಓಡುತ್ತಿದ್ದ 600 ಮಿ.ಮೀ. ಹಳಿ ಅಂತರದ ಸಣ್ಣ ರೈಲು ನಿಮಗೆ ಇಷ್ಟವಾದರೆ ಇನ್ನೂ ಒಳ್ಳೆಯದು. 1/35ರಲ್ಲಿ ಅದು 17 ಮಿ.ಮೀ. ಚಿಲ್ಲರೆ. ಆಟಿಕೆ ರೈಲಿನ ಎಚ್‌ಒ ಹಳಿ 16.5 ಮಿ.ಮೀ. ಇರುವುದರಿಂದ ಹೆಚ್ಚು ಕಡಿಮೆ ಹೊಂದುತ್ತದೆ. ಸ್ಲೀಪರ್ ಮಾತ್ರ ಹೊಸದಾಗಿ ಮಾಡಿಕೊಳ್ಳಬೇಕು.

ಬಣ್ಣ, ಕೊಳೆಯ ವಿಷಯದಲ್ಲಿ ಟ್ಯಾಂಕಿನ ಅಭ್ಯಾಸವನ್ನು ಪೂರ್ತಿ ಬದಿಗಿಡಿ. ರೈಲು ಕೆಸರಿನಲ್ಲಿ ಓಡುವುದಿಲ್ಲ. ಚಕ್ರದ ಸುತ್ತ, ಚೌಕಟ್ಟಿನ ಕೆಳಭಾಗದಲ್ಲಿ ಬ್ರೇಕ್ ಕಬ್ಬಿಣ ಸವೆದು ಹಾರಿದ ಕಂದು ಪುಡಿ ಕೂತಿರುತ್ತದೆ. ಆಕ್ಸಲ್ ಪೆಟ್ಟಿಗೆಯಿಂದ ಎಣ್ಣೆ ಇಳಿದಿರುತ್ತದೆ. ಮೇಲೆ ಹೊಗೆಯ ಮಸಿ. ಉಗಿ ಎಂಜಿನ್ ಆದರೆ ಬಾಯ್ಲರ್ ಪಕ್ಕದಲ್ಲಿ ಗಡಸು ನೀರು ಸೋರಿ ಬಿದ್ದ ಬಿಳಿ ಗೆರೆಗಳು. ಚಕ್ರ ಹಳಿಗೆ ತಾಗುವ ಜಾಗ ಮಾತ್ರ ಉಜ್ಜಿ ಹೊಳೆಯುತ್ತದೆ. ಹಳಿಯ ನೆತ್ತಿಗೆ ಪೆನ್ಸಿಲ್ ಸೀಸದ ಪುಡಿ ಉಜ್ಜಿದರೆ ಆ ಹೊಳಪು ಚೆನ್ನಾಗಿ ಬರುತ್ತದೆ.

ಮುಚ್ಚಿದ ಸರಕು ವ್ಯಾಗನ್ ಕಿಟ್‌ಗಳೂ ಸಿಗುತ್ತವೆ. ಅದನ್ನು ಮಾಡುವಾಗ ಒಂದು ಮಾತು ನೆನಪಿರಲಿ. ಅಂಥ ವ್ಯಾಗನ್‌ಗಳಲ್ಲೇ ಲಕ್ಷಾಂತರ ಜನರನ್ನು ನಾತ್ಸಿ ಶಿಬಿರಗಳಿಗೆ ಸಾಗಿಸಿದರು. ಅದನ್ನು ಬರೀ ಚಂದದ ಅಲಂಕಾರ ಮಾಡಲು ನನಗೆ ಮನಸ್ಸಾಗುವುದಿಲ್ಲ.

ಉಗಿ ಎಂಜಿನ್ ಬೇಕೆಂದರೆ ಜರ್ಮನಿಯ 52 ಸರಣಿ ಒಳ್ಳೆಯ ಆಯ್ಕೆ. 1942ರಿಂದ ಯುದ್ಧಕ್ಕೆಂದೇ ಸರಳಗೊಳಿಸಿ 6,000ಕ್ಕೂ ಹೆಚ್ಚು ಕಟ್ಟಿದ್ದರು. ಎಡ ಬಲ ಚಕ್ರಗಳ ಕ್ರ್ಯಾಂಕ್ (ಚಕ್ರ ತಿರುಗಿಸುವ ದಂಡ ಸಿಕ್ಕಿಸುವ ಗೂಟ) ಒಂದಕ್ಕೊಂದು 90 ಡಿಗ್ರಿ ತಿರುಗಿರಬೇಕು. ಎರಡೂ ಬದಿ ಒಂದೇ ಸ್ಥಾನದಲ್ಲಿ ಅಂಟಿಸಿದರೆ ತಪ್ಪು.

ಇನ್ನು ನಿಮ್ಮ ಕೆ5. ಒಟ್ಟು 218 ಟನ್ ತೂಕ, ಹನ್ನೆರಡು ಆಕ್ಸಲ್. ಒಂದೊಂದರ ಮೇಲೆ 18 ಟನ್ ಬೀಳುತ್ತದೆ. ಅದಕ್ಕೇ ಅಷ್ಟೊಂದು ಚಕ್ರ. ಫಿರಂಗಿಯ ಕೊಳವೆಯೇ 21.5 ಮೀಟರ್, ಮಾಡೆಲ್‌ನಲ್ಲಿ 61 ಸೆಂ.ಮೀ. ಜಾಗ ಕಡಿಮೆ ಇದ್ದರೆ 1/72ರಲ್ಲೂ ಕಿಟ್ ಇದೆ. ಈ ಫಿರಂಗಿ ಪಕ್ಕಕ್ಕೆ ತಿರುಗುವುದು ತೀರಾ ಸ್ವಲ್ಪ. ಹಾಗಾಗಿ ಗುರಿ ಹಿಡಿಯಲು ಬಾಗಿದ ಹಳಿಯ ಮೇಲೆ ಇಡೀ ಗಾಡಿಯನ್ನೇ ಹಿಂದೆ ಮುಂದೆ ಸರಿಸುತ್ತಿದ್ದರು, ಇಲ್ಲವೇ ದೊಡ್ಡ ತಿರುಗುಮಣೆ ಮೇಲೆ ಏರಿಸುತ್ತಿದ್ದರು. 1944ರಲ್ಲಿ ಇಟಲಿಯ ಆಂಜಿಯೊದಲ್ಲಿ ಎರಡು ಕೆ5ಗಳನ್ನು ಸುರಂಗದಲ್ಲಿ ಅಡಗಿಸಿಟ್ಟು, ಹೊರಗೆ ತಂದು ಹೊಡೆದು ಮತ್ತೆ ಒಳಗೆ ತಳ್ಳುತ್ತಿದ್ದರು. ಅವುಗಳಲ್ಲಿ ಒಂದು ಈಗ ಅಮೆರಿಕದಲ್ಲಿದೆ. ಬೇರೆಯದೇ ಒಂದು ಕೆ5 ಫ್ರಾನ್ಸಿನ ಓಡಂಘೆನ್‌ನ ಸಂಗ್ರಹಾಲಯದಲ್ಲಿದೆ. ಆಕಾರಕ್ಕೆ, ಬೋಲ್ಟು ಕೊಳವೆಗಳಿಗೆ ಇವುಗಳ ಫೋಟೋ ನೋಡಿ. ಬಣ್ಣಕ್ಕೆ ಮಾತ್ರ ನೋಡಬೇಡಿ, ಅದು ಆಮೇಲೆ ಬಳಿದದ್ದಾಗಿರಬಹುದು. ಯುದ್ಧಕಾಲದ ಫೋಟೋಗಳನ್ನೇ ನಂಬಿ. ಕಿಟ್ ಜೊತೆ ಬರುವುದು ಸಾಮಾನ್ಯವಾಗಿ ನೇರ ಹಳಿ. ಅದನ್ನು ಅಂಟಿಸುವ ಮೊದಲೇ ಬಾಗಿದ ಹಳಿ ಮಾಡುವ ಯೋಚನೆ ಇದೆಯಾ ಅಂತ ತೀರ್ಮಾನಿಸಿಕೊಳ್ಳಿ.