ಪೋಕರ್ ಟೂರ್ನಮೆಂಟ್‌ನಲ್ಲಿ 12,000 ಚಿಪ್ಸ್ ಇದ್ದರೆ ಕಾಯಬೇಕಾ, ಆಲ್-ಇನ್ (ಇರುವ ಚಿಪ್ಸೆಲ್ಲ ಒಮ್ಮೆಗೇ ಪಣಕ್ಕಿಡೋದು) ಹೋಗಬೇಕಾ?

ಬರೀ 12,000 ಅಂದರೆ ಹೇಳೋಕೆ ಆಗಲ್ಲ. ಒಂದು ಸುತ್ತು ಸುಮ್ನೆ ಕೂತರೆ ಎಷ್ಟು ಖರ್ಚಾಗುತ್ತೆ ನೋಡಿ. ನಿಮ್ಮ ಚಿಪ್ಸನ್ನು ಆ ಖರ್ಚಿನಿಂದ ಭಾಗಿಸಿ. ಇದಕ್ಕೆ ‘ಎಂ’ ಅನ್ನುತ್ತಾರೆ. ಆಟಗಾರ ಪಾಲ್ ಮ್ಯಾಗ್ರಿಯಲ್ ಅವರ ಮನೆತನದ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಅದು.

ಬ್ಲೈಂಡ್ಸ್ (ಇಬ್ಬರು ಸರದಿಯಂತೆ ಕಡ್ಡಾಯವಾಗಿ ಹಾಕುವ ಹಣ) 500 ಮತ್ತು 1,000 ಅಂದುಕೊಳ್ಳಿ. ಜೊತೆಗೆ 9 ಜನರೂ ತಲಾ 100 ಆಂಟೆ (ಪ್ರತಿ ಕೈಗೂ ಎಲ್ಲರೂ ಹಾಕುವ ಕಡ್ಡಾಯ ಹಣ) ಹಾಕುತ್ತಾರೆ. ಒಟ್ಟು 2,400. ಒಂದು ಸುತ್ತು ಅಂದರೆ 9 ಕೈ, ಅದರಲ್ಲಿ ನಿಮ್ಮೊಬ್ಬರ ಖರ್ಚೂ ಇಷ್ಟೇ. ನಿಮ್ಮ ಎಂ 5. ಅಂದರೆ ಏನೂ ಆಡದಿದ್ದರೆ ಐದು ಸುತ್ತಿಗೆ ಖಾಲಿ. ಬ್ಲೈಂಡ್ಸ್ ಏರುತ್ತಲೇ ಇರುತ್ತವಲ್ಲ, ನಿಜಕ್ಕೂ ಅಷ್ಟೂ ಸಿಗಲ್ಲ.

ಇಲ್ಲಿ ಆಲ್-ಇನ್ ಯಾಕೆ ಸರಿ? ಎಲ್ಲರೂ ಎಲೆ ಬಿಟ್ಟರೆ ಆ 2,400 ನಿಮ್ಮದು. ಶೋ ಇಲ್ಲದೆಯೇ ಚಿಪ್ಸ್ ಶೇ 20 ಜಾಸ್ತಿ! ಸಣ್ಣದಾಗಿ 2,500 ಏರಿಸಿ ಆಮೇಲೆ ಹೆದರಿ ಬಿಟ್ಟರೆ ಐದನೇ ಒಂದು ಪಾಲು ಹೋಯಿತು. ಹಾಗಾಗಿ ನಿಮಗಿಂತ ಮೊದಲಿನವರೆಲ್ಲ ಎಲೆ ಬಿಟ್ಟು ಸರದಿ ಕೊನೆಯ ಹೊತ್ತಿಗೆ ನಿಮಗೆ ಬಂದರೆ, ಎಕ್ಕ-ಹತ್ತು ಇದ್ದರೂ ನುಗ್ಗಬಹುದು. ಎಂ 2ಕ್ಕೆ ಇಳಿಯುವವರೆಗೆ ಕಾಯೋದೇ ದೊಡ್ಡ ತಪ್ಪು. ಆಗ ನಿಮ್ಮ ಆಲ್-ಇನ್‌ಗೆ ಯಾರೂ ಹೆದರಲ್ಲ.

ಎಂ 20 ದಾಟಿದ್ದರೆ ಆಟವೇ ಬೇರೆ. ನಾಲ್ಕರ ಎರಡು ಎಲೆ ಕೈಗೆ ಬಂದಾಗ ನಾಲ್ಕರ ಮೂರನೇ ಎಲೆಗಾಗಿ ಅಗ್ಗದಲ್ಲಿ ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿ ತೆರೆಯುವ ಮೊದಲ ಮೂರು ಎಲೆ) ನೋಡಬಹುದು. ಅದು ಬರೋದು ಸುಮಾರು 8 ಸಲಕ್ಕೆ 1 ಸಲ. ಬಂದಾಗ ದೊಡ್ಡದಾಗಿ ಗೆಲ್ಲೋಕೆ ಇಬ್ಬರ ಹತ್ತಿರವೂ ಚಿಪ್ಸ್ ಇರಬೇಕು ಅಲ್ವಾ? ಅದಕ್ಕೇ ಎದುರಾಳಿಯ ಎಂ ಕೂಡ ಲೆಕ್ಕ ಹಾಕಿ. ಇಬ್ಬರಲ್ಲಿ ಕಡಿಮೆ ಇರೋದೇ ಆ ಕೈಯ ನಿಜವಾದ ಪಣ.